ಹೂಂಗುಟ್ಟುವವಳು

ಮಿರ್ಲೆಯ ಚಲುವಯ್ಯಣ್ಣನಿಗೆ ಭತ್ತದ ಗದ್ದೆಯೂ ಇದೆ, ಮಂಗಳ ಗ್ರಹವೂ ಇದೆ. ಗದ್ದೆ ಕೆಲಸ ಹೇಗೋ ಮುಗಿಯುತ್ತದೆ, ಮಂಗಳ ಗ್ರಹದ್ದು ಮಾತ್ರ ಮುಗಿಯುವುದಿಲ್ಲ. ಕೆ.ಆರ್. ನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ತಪ್ಪಿಗೆ ಅವರು ಕಟ್ಟುವ ರಾಕೆಟ್ಟು, ಗ್ರಹಗಳ ಕತೆಗಳನ್ನೆಲ್ಲ ಟೈಪ್ ಮಾಡುವ ಕರ್ಮ ನನ್ನದು. ಗೊಣಗಿಕೊಂಡೇ ಮಾಡುತ್ತೇನೆ. ಮುಂದೇನಾಯಿತು ಅನ್ನುವ ಕುತೂಹಲ ಮಾತ್ರ ತಡೆಯಲಾಗುವುದಿಲ್ಲ.

ಅವರು ಕತೆಯನ್ನು ಮೊದಲು ಬಾಯಲ್ಲೇ ಹೇಳಬೇಕು. ಹೆಂಡತಿ ಕುಳ್ಳಮ್ಮಕ್ಕ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ. ಇವರು ಹೇಳಿದ ಮಾತುಮಾತಿಗೂ "ಹೂಂ" ಅನ್ನುತ್ತಾರೆ. ನಮ್ಮ ಕಡೆ ಕತೆ ಕೇಳುವವರು ಹೂಂಗುಟ್ಟಲೇಬೇಕು, ಇಲ್ಲದಿದ್ದರೆ ಹೇಳುವವರು ನಿಲ್ಲಿಸಿಬಿಡುತ್ತಾರೆ. ಕುಳ್ಳಮ್ಮಕ್ಕ ಸುಮ್ಮನಾದರು ಅಂದರೆ ಅಲ್ಲಿ ಕತೆ ತಿದ್ದಬೇಕು ಅಂತಲೇ ಲೆಕ್ಕ.

ಈ ಜನವರಿಯಲ್ಲಿ ಮೈಸೂರಿನ ವಿಜ್ಞಾನ ಕಥಾ ಸಮ್ಮೇಳನದವರು ಅವರನ್ನು ಕತೆ ಓದಲು ಕರೆದರು. ಊರಿನಲ್ಲಿ "ರಾಕೆಟ್ಟು ಚಲುವಯ್ಯ" ಅಂತ ಆಡಿಕೊಳ್ಳುವವರೇ ಎಲ್ಲ. ಒಂದೇ ಒಂದು ಸಲ ನಾಲ್ಕು ಜನರೆದುರು ಲೇಖಕ ಅನ್ನಿಸಿಕೊಳ್ಳಬೇಕು ಅನ್ನುವುದು ಅವರ ಬಹಳ ದಿನದ ಆಸೆ.

ಆರಿಸಿದ್ದು ಕುಳ್ಳಮ್ಮಕ್ಕ ಜೋರಾಗಿ ಹೂಂ ಅಂದಿದ್ದ ಕತೆಯನ್ನೇ. ಭೂಮಿ ಬಿಟ್ಟು ಹೊರಡುವ ಕೊನೆಯ ನೌಕೆ. ಎಲ್ಲರೂ ಹತ್ತಿದ್ದಾರೆ. ಒಬ್ಬ ಮುದುಕಿ ಮಾತ್ರ, ಈಯಲಿರುವ ಎಮ್ಮೆಯನ್ನು ಬಿಟ್ಟು ಬರುವುದಿಲ್ಲ ಅಂತ ಕೊಟ್ಟಿಗೆಯಲ್ಲೇ ಕೂತಿದ್ದಾಳೆ. ಎಮ್ಮೆ ಈಯುವವರೆಗೂ ನೌಕೆ ಕಾಯುತ್ತದೆ.

ಸಮ್ಮೇಳನದ ಹಿಂದಿನ ದಿನ ಅಂಗಡಿಗೆ ಬಂದವರೇ, "ಕೊನೆ ಬದಲಾಯಿಸ್ಬುಡು. ನೌಕೆ ಟೈಮಿಗೆ ಹೊಂಟೋಗ್ಲಿ. ಎಮ್ಮೆಗೋಸ್ಕರ ರಾಕೆಟ್ ಕಾಯ್ತದಾ ಅಂತ ಓದ್ದೋರು ನಗ್ತಾರೆ ಕಣೋ," ಅಂದರು.

"ಅಕ್ಕಂಗೆ ಹೇಳಿದ್ರಾ?"

"ಅವಳಿಗ್ಯಾಕೆ, ಬುಡು."

ನನಗೆ ಸಿಟ್ಟು ಬಂತು. ಆದರೂ ಟೈಪ್ ಮಾಡಿಕೊಟ್ಟೆ.

ಮೈಸೂರಿಗೆ ಮೂವರೂ ಹೋದೆವು. ಅಲ್ಲಿ ಅನ್ಯಗ್ರಹದವರ ವೇಷದಲ್ಲಿ ಬೆಳ್ಳಿ ಬಣ್ಣದ ಅಂಗಿ ತೊಟ್ಟವರು, ತಲೆಗೆ ಆಂಟೆನಾ ಸಿಕ್ಕಿಸಿಕೊಂಡವರು. ಒಬ್ಬಳು ಹುಡುಗಿ ಮೈಗೆಲ್ಲ ಹಸಿರು ಬಳಿದುಕೊಂಡಿದ್ದಳು. "ಅಯ್ಯೋ ಮಗ, ತೊಳದ್ರೆ ಓಯ್ತದಾ ಇದು?" ಅಂತ ಕುಳ್ಳಮ್ಮಕ್ಕ ಅವಳ ಕೈ ಸವರಿ ನೋಡಿದರು. ಹುಡುಗಿ ನಕ್ಕು, ಹಿಂದಿನ ಸಾಲಿನಲ್ಲಿ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು.

ಚಲುವಯ್ಯಣ್ಣ ವೇದಿಕೆ ಹತ್ತಿ ಓದತೊಡಗಿದರು. ಸಭೆ ಉಸಿರೆತ್ತಲಿಲ್ಲ. ಪಟ್ಟಣದವರು ಮರ್ಯಾದೆಯಿಂದ ಕೇಳುವುದೇ ಹಾಗೆ, ಆದರೆ ಅಣ್ಣನಿಗದು ಹೇಗೆ ಗೊತ್ತಾಗಬೇಕು? ಒಂದು ಪುಟ ಮುಗಿಯುವಷ್ಟರಲ್ಲಿ ದನಿ ಸಣ್ಣಗಾಗಿ ನಿಂತೇಹೋಯಿತು. ನೋಡಲಾಗದೆ ನಾನು ತಲೆ ತಗ್ಗಿಸಿದೆ.

"ಹೂಂ," ಅಂದಿತು ಹಿಂದಿನ ಸಾಲಿನಿಂದ ಕುಳ್ಳಮ್ಮಕ್ಕನ ದನಿ.

ಕೆಲವರು ತಿರುಗಿ ನೋಡಿದರು. ಚಲುವಯ್ಯಣ್ಣ ಮುಂದಿನ ವಾಕ್ಯ ಓದಿದರು. ಈ ಸಲ ಹಸಿರು ಹುಡುಗಿಯೂ "ಹೂಂ" ಅಂದಳು. ಸ್ವಲ್ಪ ಹೊತ್ತಿಗೆ ಇಡೀ ಸಭೆಯೇ ಹೂಂಗುಟ್ಟುತ್ತಿತ್ತು. ಅಣ್ಣನ ದನಿಗೆ ಜೀವ ಬಂತು.

"ಸಮಯವಾಯಿತು. ಮುದುಕಿಯನ್ನು ಬಿಟ್ಟು ನೌಕೆ ಮೇಲೆದ್ದಿತು."

"ಹೂಂ," ಅಂದಿತು ಸಭೆ. ಕುಳ್ಳಮ್ಮಕ್ಕ ಅನ್ನಲಿಲ್ಲ. ಅಷ್ಟು ಜನರ ನಡುವೆ ಆ ಒಂದು ದನಿ ಇಲ್ಲದ್ದು ಅಣ್ಣನಿಗೆ ತಿಳಿದುಬಿಟ್ಟಿತು.

"ಯಾಕಮ್ಮಿ?" ಅಂತ ಮೈಕಿನಲ್ಲೇ ಕೇಳಿದರು.

"ಎಮ್ಮೆ ಈಯೋಗಂಟ ಕಾಯ್ತದೆ ಅಂದಿದ್ರಲ್ಲ," ಅಂದರು ಕುಳ್ಳಮ್ಮಕ್ಕ. "ಆ ಮುದುಕಿ ಒಬ್ಳೇ ಏನ್ ಮಾಡಾಳು ಅಲ್ಲಿ?"

ಚಲುವಯ್ಯಣ್ಣ ಹಾಳೆ ಮಡಚಿ ಜೇಬಿಗಿಟ್ಟರು. ಹೆಂಡತಿಯೊಬ್ಬಳನ್ನೇ ನೋಡುತ್ತ, ಜಗಲಿಯಲ್ಲಿ ಹೇಳುವ ಹಾಗೆಯೇ ಹೇಳಿದರು: "ಮೇಲೆದ್ದ ನೌಕೆ ವಾಪಸ್ ಇಳೀತು. ಅದ್ರ ಕ್ಯಾಪ್ಟನ್ನು ಕೊಟ್ಗೆ ಬಾಗ್ಲಲ್ಲಿ ಬಂದು ಕೂತ್ಕಂಡ. ಎಮ್ಮೆ ಈಯೋಗಂಟ ಯಾರೂ ಅಲ್ಲಾಡ್ನಿಲ್ಲ."

"ಹೂಂ," ಅಂದರು ಕುಳ್ಳಮ್ಮಕ್ಕ.

ಯಾರೂ ನಗಲಿಲ್ಲ. ಚಪ್ಪಾಳೆಯ ನಡುವೆ ನಿರೂಪಕಿ "ಲೇಖಕರಿಗೆ ಧನ್ಯವಾದ" ಅಂದದ್ದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. ಆಗಲೇ ಮೆಟ್ಟಿಲಿಳಿದು ಹಿಂದಿನ ಸಾಲಿನ ಕಡೆ ಹೊರಟಿದ್ದರು.