ಫ್ಯಾನಿನೊಳಗಿನ ಅಕ್ಷತೆ

ವಾಕಡದ ನಮ್ಮ ಗಲ್ಲಿಯಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಹಿರಿಯರೊಬ್ಬರಿದ್ದರು, ವಿಜಾಪುರದ ಕಡೆಯವರು. ಯಂತ್ರ ಮುಟ್ಟುವ ಮೊದಲು ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಅದಕ್ಕೆ ಕಿವಿಯಿಟ್ಟು ಕೇಳುತ್ತಿದ್ದರು. ಯಾರು ಏನೇ ಹೇಳಲಿ, "ಮೊದಲ ತೆಗದು ನೋಡೂಣ್ರಿ" ಎನ್ನುತ್ತಿದ್ದರು.

ದಸರೆ ಮುಗಿದ ವಾರ ನನ್ನ ಲ್ಯಾಪ್‌ಟಾಪ್ ಕಾದ ಹಂಚಿನಂತಾಗಿ, ಮೀಟಿಂಗಿನ ನಡುವೆಯೇ ಆರಿಹೋಗತೊಡಗಿತು. ಬಿಸಿ ಏರಿದೆ ಎಂಬ ಎಚ್ಚರಿಕೆ ಪರದೆಯ ಮೇಲೆ ಬರುತ್ತಲೇ ಇತ್ತು. ಅಂಥ ಎಚ್ಚರಿಕೆಗಳನ್ನು ಬರೆಯುವುದೇ ನನ್ನ ನೌಕರಿಯಾದ್ದರಿಂದ ನಾನು ಓದದೆ ಮುಚ್ಚುತ್ತಿದ್ದೆ. ಮೂರು ಸಲ ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ಹಾಕಿದೆ. ಕೊನೆಗೆ ಅವರೆದುರು ಕೂತು, ತಪ್ಪೆಲ್ಲ ಸಾಫ್ಟ್‌ವೇರಿನದೇ ಎಂದು ಕಾಲು ಗಂಟೆ ಪಾಠ ಮಾಡಿದೆ.

"ಹೌದ್ರಿ. ಮೊದಲ ತೆಗದು ನೋಡೂಣ್ರಿ."

ತಳ ಬಿಚ್ಚಿ, ಫ್ಯಾನಿನ ರೆಕ್ಕೆಗಳ ನಡುವಿನಿಂದ ಒಂದೊಂದಾಗಿ ಐದು ಅರಿಶಿನದ ಅಕ್ಕಿಕಾಳು ತೆಗೆದರು. ಆಯುಧಪೂಜೆಯ ದಿನ ಲ್ಯಾಪ್‌ಟಾಪನ್ನು ದೇವರ ಪಕ್ಕ ನೆಟ್ಟಗೆ ನಿಲ್ಲಿಸಿ, ಗಾಳಿಯ ಕಿಂಡಿಗಳ ಮೇಲೆಯೇ ಮುಷ್ಟಿ ತುಂಬ ಅಕ್ಷತೆ ಹಾಕಿದವನು ನಾನೇ.

ಅವರು ನಗಲಿಲ್ಲ. ಕಾಳುಗಳನ್ನು ಅಂಗೈಯಲ್ಲಿ ಹಿಡಿದು, "ಇವು ನಿಮ್ಮ ತಲಿ ಮ್ಯಾಲ ಬೀಳಬೇಕಾಗಿದ್ವು ನೋಡ್ರಿ" ಎಂದರು.

ನಾನು ತಲೆ ಬಗ್ಗಿಸಿದೆ. ಐದನ್ನೂ ಹಾಕಿದರು.