ಒಂದೊಂದೇ ಗಾಯ

ಮೊನ್ನೆ ಮೊಮ್ಮಗಳು ಸೈಕಲ್ಲಿಂದ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಟಿಂಚರ್ ಬಾಟಲಿಯ ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ನನ್ನನ್ನು ಹನೂರಿನ ನಮ್ಮ ಹಳೆಯ ಮನೆಯ ಹಿತ್ತಿಲ ಕೋಣೆಗೆ ಎಳೆದುಕೊಂಡು ಹೋಯಿತು. ಅಲ್ಲಿ ನಮ್ಮ ದೊಡ್ಡವ್ವ ಇದ್ದಳು.

ದೊಡ್ಡವ್ವನಿಗೆ ಕುಷ್ಠವಾಗಿತ್ತು. ಮಾತ್ರೆ ನುಂಗಿ ರೋಗ ವಾಸಿಯಾಗಿದ್ದರೂ ಸ್ಪರ್ಶವಿಲ್ಲದ ಬಲಗಾಲಿನಲ್ಲಿ ಎರಡು ಹುಣ್ಣು ಉಳಿದಿದ್ದವು. ಅವಳ ತಟ್ಟೆ ಬೇರೆ, ಚಾಪೆ ಬೇರೆ. ದಿನಾ ಬೆಳಗ್ಗೆ ನಾಗಮಣಿ ಎಂಬ ಸಿಸ್ಟರ್ ಬಂದು ಗಾಯ ತೊಳೆದು ಪಟ್ಟಿ ಕಟ್ಟುತ್ತಿದ್ದರು. ನಾನು ಹೈಸ್ಕೂಲಿನ ಚರಿತ್ರೆ ಮೇಷ್ಟ್ರು. ಮೂಢನಂಬಿಕೆ ಬಿಡಿ ಎಂದು ಮಕ್ಕಳಿಗೆ ಬೋಧಿಸಿ, ಮನೆಗೆ ಬಂದು ಹೊಸ್ತಿಲಾಚೆ ಮೂಗು ಹಿಡಿದು ನಿಲ್ಲುತ್ತಿದ್ದೆ.

ನೀವೂ ಮೇಷ್ಟ್ರಾಗಿದ್ದರೆ ಗೊತ್ತಿರುತ್ತದೆ, ಮಾತಿಗೆ ಮಾತ್ರ ನಮ್ಮಲ್ಲಿ ಕೊರತೆಯಿಲ್ಲ. ಒಂದು ದಿನ ಸಿಸ್ಟರ್ ಪಟ್ಟಿ ಕಟ್ಟುತ್ತಿದ್ದಾಗ, ಪಾಠಕ್ಕೆಂದು ಓದಿಕೊಂಡಿದ್ದ ಯೆಹೂದಿಗಳ ವಿಷಯವನ್ನು ಹೊಸ್ತಿಲಾಚೆಯಿಂದಲೇ ದೊಡ್ಡವ್ವನಿಗೆ ಹೇಳಲು ಶುರುಮಾಡಿದೆ. ದಾವೀದ ರಾಜನ ವಂಶದಲ್ಲಿ ಮೆಸ್ಸೀಯ ಎಂಬ ಉದ್ಧಾರಕ ಬರುತ್ತಾನೆ, ಚೆದುರಿಹೋದ ಜನರನ್ನು ಒಟ್ಟುಗೂಡಿಸಿ ನ್ಯಾಯ ನಿಲ್ಲಿಸುತ್ತಾನೆ ಎಂದು ಅವರ ಪ್ರವಾದಿಗಳು ಹೇಳಿದ್ದಾರೆ. ಅವರು ಇನ್ನೂ ಕಾಯುತ್ತಿದ್ದಾರೆ. ಅವರದೇ ಒಂದು ಹಳೆಯ ಕಥೆಯಲ್ಲಿ, ಈಗವನು ಎಲ್ಲಿದ್ದಾನೆಂದರೆ, ಊರಬಾಗಿಲಲ್ಲಿ ರೋಗಿಗಳ ನಡುವೆ ಕೂತಿದ್ದಾನಂತೆ. ಮಿಕ್ಕವರು ಎಲ್ಲ ಪಟ್ಟಿಯನ್ನೂ ಒಟ್ಟಿಗೆ ಬಿಚ್ಚಿ ಒಟ್ಟಿಗೆ ಕಟ್ಟಿಕೊಳ್ಳುತ್ತಾರೆ. ಇವನು ಒಂದನ್ನು ಬಿಚ್ಚಿ, ಕಟ್ಟಿ, ಆಮೇಲೆ ಇನ್ನೊಂದಕ್ಕೆ ಕೈಹಾಕುತ್ತಾನೆ. ಹೊರಡು ಎಂದು ದೇವರ ಕರೆ ಬಂದಾಗ ತಡವಾಗಬಾರದಲ್ಲ.

“ಅವನ್ಗೂ ಗಾಯ ಅವಾ?” ದೊಡ್ಡವ್ವ ಕೇಳಿದಳು.

“ಅವಂತೆ.”

“ಅಂಗಾರೆ ನಂಬಬೌದು ಬುಡು.”

ಸಿಸ್ಟರ್ ತಲೆ ಎತ್ತಲಿಲ್ಲ. “ಕೆಲ್ಸ ಗೊತ್ತಿರೋನೇ ಸಾ. ಎಲ್ಲಾ ಒಟ್ಗೆ ಬಿಚ್ಚುದ್ರೆ ನೊಣ ಕೂತ್ಕತವೆ.”

ಮುಂದಿನ ತಿಂಗಳು ಅವರಿಗೆ ಯಳಂದೂರಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಬೇರೆ ಸಿಸ್ಟರನ್ನು ಕಳಿಸಿ ಎಂದು ನಾನು ಆಸ್ಪತ್ರೆಯ ಕಚೇರಿಗೆ ಅರ್ಜಿ ಬರೆದುಕೊಟ್ಟೆ. ಅಕ್ಷರ ದುಂಡಗಿದೆ ಎಂದು ಗುಮಾಸ್ತರು ಹೊಗಳಿದರು. ಸಿಸ್ಟರ್ ಹೋದ ನಾಲ್ಕನೆಯ ಬೆಳಗ್ಗೆ ನೋಡಿದರೆ ದೊಡ್ಡವ್ವ ಮಡಚಿಹೋದ ಬೆರಳುಗಳಲ್ಲಿ ತಾನೇ ಪಟ್ಟಿ ಕಟ್ಟಲು ಹೆಣಗುತ್ತಿದ್ದಳು. ಪಟ್ಟಿಯ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದಳು. ನಾನು ಕೈ ತೊಳೆದುಕೊಂಡು ಹೊಸ್ತಿಲು ದಾಟಿದೆ.

“ನೀ ಮೇಷ್ಟ್ರು ಕಣಪ್ಪ, ಬ್ಯಾಡ.”

“ಕಾಲು ಕೊಡು ದೊಡ್ಡವ್ವ.”

ಅವತ್ತು ಕಟ್ಟಿದ ಪಟ್ಟಿ ಮಧ್ಯಾಹ್ನಕ್ಕೇ ಕಳಚಿ ಬಿತ್ತು. ಶನಿವಾರ ಕೊಳ್ಳೇಗಾಲದಲ್ಲಿ ಬಸ್ ಬದಲಿಸಿ ಯಳಂದೂರಿಗೆ ಹೋಗಿ, ನಾಗಮಣಿ ಸಿಸ್ಟರ್ ಹತ್ತಿರ ಸರಿಯಾಗಿ ಕಲಿತು ಬಂದೆ. ಕೊನೆಗೂ ಹೊಸ ಸಿಸ್ಟರ್ ಬಂದಾಗ, ನೀವು ಗಾಯ ನೋಡಿ ಹೇಳಿ, ಕಟ್ಟುವುದು ನನಗಿರಲಿ ಎಂದೆ. ಒಂದು ಹುಣ್ಣು ಮುಂಗಾರಿನ ಹೊತ್ತಿಗೆ ಮುಚ್ಚಿತು, ಇನ್ನೊಂದು ರಾಗಿ ಕೊಯ್ಲಿಗೆ. ಎರಡನೆಯದು ಮುಚ್ಚಿದ ದಿನ ಅವಳ ತಟ್ಟೆಯನ್ನು ಒಳಗೆ ನಮ್ಮ ಸಾಲಿನಲ್ಲೇ ಇಟ್ಟೆ. ಅಕ್ಕಪಕ್ಕದವರು ಬಹಳ ದಿನ ನಮ್ಮ ಮನೆಯಲ್ಲಿ ನೀರು ಮುಟ್ಟಲಿಲ್ಲ. ದೊಡ್ಡವ್ವ ಮಾತ್ರ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡಳು.

ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದಾಗ ಎದುರುಮನೆಯ ಶಿವಣ್ಣನವರ ನೆನಪಾಗಿ ನಾಚಿಕೆಯಾಯಿತು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು, ವಾರದಿಂದ ಮಲಗಿದ್ದಾರೆ. ನಾನು ದಿನಾ ಗೇಟಿನಿಂದಲೇ ವಿಚಾರಿಸಿ ವಾಪಸಾಗುತ್ತಿದ್ದೆ. ಎದ್ದು ಹೋಗಿ ಅವರ ಮಂಚದ ಪಕ್ಕ ಕೂತೆ.

“ನಾಳೆ ಮೊದಲನೇ ಬಸ್ಸಿಗೆ ಕೊಳ್ಳೇಗಾಲದ ಆಸ್ಪತ್ರೆಗೆ ಹೋಗೋಣ ಶಿವಣ್ಣೋರೆ. ಆಮೇಲೆ ದಿನಾ ನಾನೇ ಕಟ್ತೀನಿ.”

“ನಿಮ್ಗ್ಯಾಕೆ ಸಾ ತೊಂದ್ರೆ? ಇನ್ನೂ ನಾಕ್ ದಿನ ನೋಡಾವ.”

“ಇಲ್ಲ. ಆರೂವರೆಗೆ ಬರ್ತೀನಿ, ರೆಡಿಯಾಗಿರಿ.”