ಸಕ್ಕುಬಾಯಿ ದೆವ್ವದ ಸಿನಿಮಾ ನೋಡುವ ರೀತಿ

ಕಾಲೇಜು ಹುಡುಗಿಯರನ್ನು ದೆವ್ವ ಕಾಡುವ ಸಿನಿಮಾ ಸರಣಿಯ ಹೊಸ ಭಾಗ ಬಂತೆಂದರೆ ಕರಜಗಿಯ ಸಕ್ಕುಬಾಯಿ ಕುರಿಗಳನ್ನು ಸೊಸೆಗೆ ಒಪ್ಪಿಸಿ, ಮೊಮ್ಮಗಳು ಸಾರಿಕಾಳೊಂದಿಗೆ ಸೊಲ್ಲಾಪುರದ ಬಸ್ಸು ಹತ್ತುತ್ತಾಳೆ. ಪ್ರತಿ ಸಲವೂ ಅದೇ ಹಾಳುಮನೆ, ಅದೇ ಕಿರುಗುಟ್ಟುವ ಬಾಗಿಲು ಎಂದು ಬೈಯುತ್ತಲೇ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಹುಡುಗಿ ಒಬ್ಬಳೇ ಒಳಗೆ ಹೊರಟರೆ ಎದ್ದು ನಿಂತು, "ಒಬ್ಬಾಕಿನ ಹೋಗಬ್ಯಾಡವಾ, ಗೆಳತ್ಯಾರನ್ನ ಕರಿ!" ಎಂದು ಕೂಗುತ್ತಾಳೆ. ನಾಲ್ಕು ಭಾಗಗಳ ಹುಡುಗಿಯರು ಕೇಳದೆ ಸತ್ತರು. ಮೊನ್ನೆ ಐದನೆಯದರಲ್ಲಿ ಹುಡುಗಿ ಹೊಸ್ತಿಲಿಂದ ಹಿಂದಿರುಗಿ, ಗೆಳತಿಯರ ಕೈ ಹಿಡಿದು ಒಳನುಗ್ಗಿ ದೆವ್ವವನ್ನು ಓಡಿಸಿದಳು. ಥಿಯೇಟರಿಗೆ ಥಿಯೇಟರೇ ಸಕ್ಕುಬಾಯಿಯತ್ತ ತಿರುಗಿ ಚಪ್ಪಾಳೆ ತಟ್ಟಿತು. "ಆಯಿ, ನಿನ್ನ ಮಾತು ಕೇಳಿದ್ಲು ನೋಡ!" ಎಂದಳು ಸಾರಿಕಾ. ಸಕ್ಕುಬಾಯಿ ಕಣ್ಣೊರೆಸಿಕೊಂಡು ನಕ್ಕಳು: "ಹದಿಮೂರಕ್ಕ ಲಗ್ನಾಗಿ ಗುರ್ತಿಲ್ಲದ ಮನಿಯೊಳಗ ನಾನೂ ಒಬ್ಬಾಕಿನ ಹೋಗಿದ್ದೆ. ಒದರಿ ಹೇಳವರು ಯಾರೂ ಇರಲಿಲ್ಲ. ಈಕಿಗೆ ನಾ ಇದ್ನಿ."